ಬೆಲ್‌ಗ್ರೇಡಿನಲ್ಲಿ ಒಂದು ಭಿತ್ತಿಪತ್ರದ ಜಾಡು

ಕೆಲವು ವರ್ಷ ಭಾರತೀಯರನ್ನು ವೀಸಾ ಇಲ್ಲದೆಯೇ ಬಿಟ್ಟುಕೊಳ್ಳುತ್ತಿದ್ದ ಸರ್ಬಿಯಾ 2023ರ ಜನವರಿಯಿಂದ ಆ ಸೌಲಭ್ಯವನ್ನು ನಿಲ್ಲಿಸಿದ್ದರಿಂದ, 2025ರ ಮೇ ತಿಂಗಳಲ್ಲಿ ಬೆಲ್‌ಗ್ರೇಡಿಗೆ ಹೊರಡುವ ಮೊದಲು ನಾನು ಸಾಕಷ್ಟು ಕಾಗದಪತ್ರಗಳನ್ನು ಹೊಂದಿಸಬೇಕಾಯಿತು. ಐದು ದಿನಗಳ ಪ್ರವಾಸದಲ್ಲಿ ಕೋಟೆ, ನದಿ, ಚರ್ಚುಗಳನ್ನು ನೋಡಿದ್ದೇನೆ. ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನರಿದ್ದಾರೆ. ನನ್ನ ಕುತೂಹಲವಿದ್ದದ್ದು ಒಬ್ಬ ವ್ಯಕ್ತಿಯ ಯೌವನದ ಬಗ್ಗೆ. 1970ರಲ್ಲಿ ಹುಟ್ಟಿ, ಇಪ್ಪತ್ತಮೂರರಲ್ಲಿ ಸಂಸದನಾಗಿ, ಇಪ್ಪತ್ತೆಂಟರಲ್ಲಿ ಮಂತ್ರಿಯಾಗಿ, 2017ರಿಂದ ದೇಶದ ಅಧ್ಯಕ್ಷರಾಗಿರುವ ಅಲೆಕ್ಸಾಂಡರ್ ವುಚಿಚ್ ಅವರು ಕಟ್ಟಾ ರಾಷ್ಟ್ರವಾದಿ ತರುಣನಾಗಿ ಓಡಾಡಿದ ಜಾಗಗಳನ್ನು ಕಣ್ಣಾರೆ ನೋಡಬೇಕೆಂದಿತ್ತು.

ಮೊದಲ ದಿನ ಸಾವಾ ನದಿಯನ್ನು ದಾಟಿ, ಅವರು ಬೆಳೆದ ಹೊಸ ಬೆಲ್‌ಗ್ರೇಡಿಗೆ ಹೋದೆ. ಆ ವರ್ಷದ ಆರಂಭದಿಂದ ನಗರದ ಬಸ್ಸುಗಳಲ್ಲಿ ಟಿಕೆಟ್ಟೇ ಇಲ್ಲ. ಹತ್ತಿದೊಡನೆ ಕೈ ಜೇಬಿಗೆ ಹೋಗುವ ಅಭ್ಯಾಸ ಮಾತ್ರ ನನ್ನನ್ನು ಐದು ದಿನವೂ ಬಿಡಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಜೌಗು ನೆಲಕ್ಕೆ ಮರಳು ತುಂಬಿ ಎಬ್ಬಿಸಿದ ಈ ಬಡಾವಣೆಯಲ್ಲಿ ಮನೆಗಳಿಗಿಂತ ಮೊದಲು ಕಾಣುವುದು ಸಂಖ್ಯೆಗಳು. ಇಲ್ಲಿನ ಜನ ತಮ್ಮ ನೆಲೆಯನ್ನು ಹೇಳುವುದು ಇಂತಿಷ್ಟನೆಯ ಬ್ಲಾಕ್ ಎಂದೇ. ಕಾಂಕ್ರೀಟಿನ ಆ ಸಾಲುಗಳ ನಡುವೆ ನೆಹರೂ ಹೆಸರಿನದೊಂದು, ಗಾಂಧಿ ಹೆಸರಿನದೊಂದು ಬೀದಿಯಿವೆ. 1961ರ ಸೆಪ್ಟೆಂಬರಿನಲ್ಲಿ ಅಲಿಪ್ತ ರಾಷ್ಟ್ರಗಳ ಮೊದಲ ಶೃಂಗಸಭೆ ಸೇರಿದ್ದು ಇದೇ ನಗರದಲ್ಲಿ.

ವುಚಿಚ್ ಅವರ ತಂದೆಯ ಕಡೆಯವರು ಮೂಲತಃ ಮಧ್ಯ ಬೋಸ್ನಿಯಾದ ಬುಗೊಯ್ನೊ ಬಳಿಯವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕ್ರೊಯೇಷಿಯಾದ ಫ್ಯಾಸಿಸ್ಟರು ಅವರನ್ನು ಊರು ಬಿಡಿಸಿದರು, ಅಜ್ಜನೂ ಹಲವು ಬಂಧುಗಳೂ ಕೊಲೆಯಾದರು ಎಂದು ಅವರೇ ಹೇಳಿಕೊಂಡಿದ್ದಾರೆ. ಕಾನೂನು ಓದಿದ ಈ ತರುಣ ತೊಂಬತ್ತರ ದಶಕದ ಆರಂಭದಲ್ಲಿ, ಯುಗೊಸ್ಲಾವಿಯ ಒಡೆದು ಬೋಸ್ನಿಯಾದಲ್ಲಿ ಯುದ್ಧ ನಡೆಯುತ್ತಿದ್ದಾಗ, ಅಲ್ಲಿನ ಸರ್ಬರ ನೆಲೆಯಾಗಿದ್ದ ಪಾಲೆಯಲ್ಲಿ ಪತ್ರಕರ್ತನಾಗಿ ದುಡಿದು, 1993ರಲ್ಲಿ ವೊಯಿಸ್ಲಾವ್ ಶೆಶೆಲ್ ಅವರ ರ‍್ಯಾಡಿಕಲ್ ಪಕ್ಷವನ್ನು ಸೇರಿದರು. ಕ್ರೊಯೇಷಿಯಾದ ಬಹುಭಾಗವನ್ನೂ ಇಡೀ ಬೋಸ್ನಿಯಾವನ್ನೂ ಒಳಗೆ ಸೇರಿಸಿ ಗಡಿ ಎಳೆದ ‘ಮಹಾ ಸರ್ಬಿಯಾ’ದ ಪಕ್ಷವದು. ಸುಮಾರು ಇಪ್ಪತ್ತೈದರ ವಯಸ್ಸಿಗೇ ಅವರು ಅದರ ಪ್ರಧಾನ ಕಾರ್ಯದರ್ಶಿ.

ಆ ಪಕ್ಷದ ಭದ್ರಕೋಟೆಯಾಗಿದ್ದ ಝೆಮುನ್‌ಗೆ ಮರುದಿನ ಹೋದೆ. ಶೆಶೆಲ್ 1996ರಿಂದ 1998ರವರೆಗೆ ಇಲ್ಲಿ ಮೇಯರ್ ಆಗಿದ್ದರು. ಡ್ಯಾನ್ಯೂಬ್ ದಂಡೆಯ ಮೀನಿನ ಹೋಟೆಲುಗಳು, ಗುಡ್ಡದ ಮೇಲಿನ 1896ರ ಗೋಪುರ, ಕಿರಿದಾದ ಕಲ್ಲುಹಾಸಿನ ಓಣಿಗಳು: ಅಬ್ಬರದ ರಾಜಕಾರಣ ಈ ಊರಿನಿಂದ ಹೊರಟಿತೆಂದರೆ ನಂಬುವುದು ಕಷ್ಟ. ಒಂದು ಗಂಟೆ ಕುಳಿತು, ಕಾಫಿ ಕುಡಿದು ಎದ್ದು ಬಂದೆ.

ನಾನು ಪೆಚ್ಚಾದದ್ದು ಸಂಸತ್ ಭವನದ ಎದುರು. ಹಸಿರು ಗುಮ್ಮಟದ ಆ ಕಟ್ಟಡದ ಮುಂದೆ, ಕೆರಳಿದ ಕಪ್ಪು ಕುದುರೆಗಳನ್ನು ಹಿಡಿದು ನಿಲ್ಲಿಸಲು ಹೆಣಗುವ ಪುರುಷರ ಎರಡು ಶಿಲ್ಪಗಳಿವೆ. ವುಚಿಚ್ 1995ರಲ್ಲಿ ಸಂಸತ್ತಿನಲ್ಲಿ ಮಾಡಿದ ಕುಖ್ಯಾತ ಭಾಷಣ ನಡೆದದ್ದು ಇದರೊಳಗೇ ಎಂದುಕೊಂಡು ಅರ್ಧ ಗಂಟೆ ಫೋಟೊ ತೆಗೆದೆ. ರಾತ್ರಿ ನಾನು ಇಳಿದುಕೊಂಡಿದ್ದ ಮನೆಯ ಯಜಮಾನಿಗೆ, ನಿವೃತ್ತ ಶಾಲಾ ಶಿಕ್ಷಕಿಗೆ, ಅದನ್ನು ತೋರಿಸಿದಾಗ ಅವರು, “ಆಗ ಇಲ್ಲಿ ಯುಗೊಸ್ಲಾವಿಯ ಒಕ್ಕೂಟದ ಸಂಸತ್ತು ಕೂರುತ್ತಿತ್ತು, ಸರ್ಬಿಯಾದ್ದು ಅಲ್ಲೇ ಹತ್ತಿರ, ಕ್ರಾಲ್ಯಾ ಮಿಲಾನಾ ಬೀದಿಯಲ್ಲಿ” ಎಂದು ಮಕ್ಕಳ ಲೆಕ್ಕ ತಿದ್ದುವ ದನಿಯಲ್ಲಿ ಹೇಳಿದರು. ಮಾರನೆಯ ಬೆಳಿಗ್ಗೆ ಆ ಬೀದಿಯ 14ನೆಯ ನಂಬರಿಗೆ ಹೋದೆ. ಶಿಲ್ಪಗಳಿಲ್ಲ, ಪ್ರವಾಸಿಗರಿಲ್ಲ, ಟ್ರಾಲಿಬಸ್ಸುಗಳು ಓಡಾಡುವ ರಸ್ತೆಯ ಪಕ್ಕದ ಸರ್ಕಾರಿ ಕಟ್ಟಡ.

ಬೋಸ್ನಿಯಾದ ಸ್ರೆಬ್ರೆನಿತ್ಸಾ ಪಟ್ಟಣ ಅಲ್ಲಿನ ಸರ್ಬರ ಸೇನೆಯ ಕೈಗೆ ಬಿದ್ದದ್ದು 1995ರ ಜುಲೈ 11ರಂದು. ಅಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮುಸ್ಲಿಂ ಗಂಡಸರು ಮತ್ತು ಹುಡುಗರು ಕೊಲೆಯಾದರು. ಒಂಬತ್ತು ದಿನಗಳ ನಂತರ, ಜುಲೈ 20ರಂದು, ಇಪ್ಪತ್ತೈದು ವರ್ಷದ ವುಚಿಚ್ ಸರ್ಬಿಯಾದ ಸಂಸತ್ತಿನಲ್ಲಿ ಎದ್ದು ನಿಂತು, ಒಬ್ಬ ಸರ್ಬನನ್ನು ಕೊಂದರೆ ನಾವು ನೂರು ಮುಸ್ಲಿಮರನ್ನು ಕೊಲ್ಲುತ್ತೇವೆ ಎಂಬರ್ಥದ ಮಾತನ್ನಾಡಿದರು. ಸಂದರ್ಭದಿಂದ ಬೇರ್ಪಡಿಸಿ ಆ ಮಾತನ್ನು ಬಳಸಲಾಗುತ್ತಿದೆ ಎಂದು ಅವರು ಆಮೇಲೆ ಸಮಜಾಯಿಷಿ ಕೊಟ್ಟಿದ್ದಾರೆ. ಅಂಥ ಮಾತಿಗೆ ಒಗ್ಗುವ ಸಂದರ್ಭ ಯಾವುದಿದ್ದೀತೆಂಬುದು ನನಗಂತೂ ಹೊಳೆಯಲಿಲ್ಲ. ಇಪ್ಪತ್ತು ವರ್ಷಗಳ ನಂತರ ಪ್ರಧಾನಿಯಾಗಿ ಸ್ರೆಬ್ರೆನಿತ್ಸಾದ ಸ್ಮರಣೆಗೆ ಹೋದಾಗ ಗುಂಪು ಅವರ ಮೇಲೆ ಕಲ್ಲು, ಬಾಟಲಿಗಳನ್ನು ತೂರಿತು. ಅವರು ಅಲ್ಲಿಗೆ ಹೋದರು ಎಂಬುದನ್ನೂ ಮರೆಯಬಾರದು.

ಅಲ್ಲಿಂದ ನಡೆದು ಹೋಗಬಹುದಾದ ದೂರದಲ್ಲಿ ಸ್ವೆತೊಗೊರ್ಸ್ಕಾ ಬೀದಿಯಿದೆ. 1998ರ ಮಾರ್ಚಿನಲ್ಲಿ ರ‍್ಯಾಡಿಕಲ್ಲರು ಯುಗೊಸ್ಲಾವಿಯದ ಆಗಿನ ಅಧ್ಯಕ್ಷ ಮಿಲೋಶೆವಿಚ್ ಅವರ ಪಕ್ಷದೊಂದಿಗೆ ಸರ್ಕಾರ ಸೇರಿದಾಗ ವುಚಿಚ್ ವಾರ್ತಾ ಮಂತ್ರಿಯಾದರು. ಅಕ್ಟೋಬರಿನಲ್ಲಿ ಬಂದ ವಾರ್ತಾ ಕಾನೂನು ಪತ್ರಿಕೆಗಳಿಗೆ ಭಾರಿ ದಂಡ ಹಾಕಿತು, ಪ್ರತಿಗಳನ್ನು ಜಪ್ತಿ ಮಾಡಿತು. ಸ್ಲಾವ್ಕೊ ಚುರುವಿಯ ಅವರ ‘ದ್ನೆವ್ನಿ ಟೆಲಿಗ್ರಾಫ್’ ದಿನಪತ್ರಿಕೆ ನೆರೆಯ ಮಾಂಟೆನೆಗ್ರೊಗೆ ನೆಲೆ ಬದಲಿಸಿಯೂ ಉಳಿಯಲಿಲ್ಲ. 1999ರ ಏಪ್ರಿಲ್ 11, ಆರ್ಥಡಾಕ್ಸ್ ಈಸ್ಟರ್ ಭಾನುವಾರ. ನ್ಯಾಟೊ ಬಾಂಬುಗಳು ನಗರದ ಮೇಲೆ ಬೀಳುತ್ತಿದ್ದ ಕಾಲ. ಅಂದು ಈ ಬೀದಿಯ ತಮ್ಮ ಮನೆಯ ಬಾಗಿಲಲ್ಲೇ ಚುರುವಿಯ ಗುಂಡಿಗೆ ಬಲಿಯಾದರು. ಆ ಕೊಲೆಯನ್ನು ಕಾನೂನು ಬರೆದವರ ತಲೆಗೆ ಕಟ್ಟಲು ನಾನು ಹೊರಟಿಲ್ಲ. ಆರೋಪ ಹೊತ್ತಿದ್ದವರು ಗುಪ್ತಚರ ಇಲಾಖೆಗೆ ಸೇರಿದ್ದ ನಾಲ್ವರು. ಕೆಳಗಿನ ನ್ಯಾಯಾಲಯ ವಿಧಿಸಿದ್ದ ಶಿಕ್ಷೆಯನ್ನು ಮೇಲ್ಮನವಿ ನ್ಯಾಯಾಲಯ ರದ್ದುಗೊಳಿಸಿ ಎಲ್ಲರನ್ನೂ ಬಿಡುಗಡೆ ಮಾಡಿತು. ಗೋಡೆಯ ಮೇಲಿನ ಸ್ಮಾರಕ ಫಲಕದ ಕೆಳಗೆ ಒಬ್ಬಾಕೆ ಕೊಡೆ ಮಡಚಿ ನೀರು ಕೊಡವುತ್ತಿದ್ದರು. ನಾನು ಫಲಕ ಓದಲೆಂದು ಸ್ವಲ್ಪ ಪಕ್ಕಕ್ಕೆ ಸರಿದು ನಿಂತರು, ಅಷ್ಟೆ.

ಸಂಜೆ ಸಂಸತ್ ಭವನದ ಎದುರಿನ ಉದ್ಯಾನದ ಬಳಿ ಬಂದಾಗ ಡೇರೆಗಳೂ ಪೊಲೀಸರೂ ಕಂಡರು. 2024ರ ನವೆಂಬರ್ 1ರಂದು ನೊವಿ ಸಾದ್ ರೈಲು ನಿಲ್ದಾಣದ ಚಾವಣಿ ಕುಸಿದು ಜನ ಸತ್ತ ಮೇಲೆ ವಿದ್ಯಾರ್ಥಿಗಳು ಬೀದಿಗಿಳಿದಿದ್ದರು. ಈ ಡೇರೆಗಳು ಅವರ ವಿರುದ್ಧ, ಅಧ್ಯಕ್ಷರ ಪರ ಇದ್ದವರದು. ಊರವರು ಇದನ್ನು ‘ಚಾಟ್ಸಿಲ್ಯಾಂಡ್’ ಎನ್ನುತ್ತಿದ್ದರು. ‘ವಿದ್ಯಾರ್ಥಿಗಳೇ, ಶಾಲೆಗೆ ನಡೆಯಿರಿ’ ಎಂದು ಗೋಡೆಯ ಮೇಲೆ ಬರೆಯಹೊರಟ ಯಾರೋ, ವಿದ್ಯಾರ್ಥಿಗಳು ಎಂಬರ್ಥದ ‘ಜಾಟ್ಸಿ’ ಪದದ ಮೊದಲ ಅಕ್ಷರವನ್ನೇ ತಪ್ಪಿ ‘ಚಾಟ್ಸಿ’ ಎಂದು ಬರೆದರು. ಸಿರಿಲಿಕ್ ಲಿಪಿಯಲ್ಲಿ ಆ ಎರಡು ಅಕ್ಷರಗಳಿಗಿರುವ ವ್ಯತ್ಯಾಸ ಬುಡದ ಒಂದು ಕೊಕ್ಕೆ ಮಾತ್ರ. ನಮ್ಮ ದಕಾರದ ಹೊಟ್ಟೆ ಸೀಳಿದರೆ ಧಕಾರವಾಗುವ ಹಾಗೆ. ತಪ್ಪು ಕಾಗುಣಿತದ ಆ ಪದವೇ ಈಗ ಸರ್ಕಾರದ ಬೆಂಬಲಿಗರಿಗೆಲ್ಲ ಅಡ್ಡಹೆಸರು. ನಮ್ಮ ಶಿಕ್ಷಕಿಗೆ ಇದನ್ನು ಬಣ್ಣಿಸುವಾಗ ಆದ ಸಂತೋಷ ಅಷ್ಟಿಷ್ಟಲ್ಲ.

ಕೊನೆಯ ದಿನವನ್ನು ಝೊರಾನ್ ಜಿಂಜಿಚ್ ಬುಲೆವಾರ್ಡ್‌ಗೆಂದು ಉಳಿಸಿಕೊಂಡಿದ್ದೆ. ಮಿಲೋಶೆವಿಚ್ ಅವರನ್ನು ಯುದ್ಧಾಪರಾಧಗಳ ವಿಚಾರಣೆ ನಡೆಸುವ ಹೇಗ್ ನ್ಯಾಯಮಂಡಳಿಗೆ ಒಪ್ಪಿಸಿದ ಪ್ರಧಾನಿ ಜಿಂಜಿಚ್. 2003ರ ಮಾರ್ಚ್ 12ರಂದು ಅವರನ್ನು ಗುಂಡಿಟ್ಟು ಕೊಂದರು. 2007ರಲ್ಲಿ, ಅವರ ಹೆಸರಿಟ್ಟ ಈ ರಸ್ತೆಯ ಹೆಸರಿನ ಮೇಲೆ ವುಚಿಚ್ ಮತ್ತು ಸಂಗಡಿಗರು ‘ರಾಟ್ಕೊ ಮ್ಲಾಡಿಚ್ ಬುಲೆವಾರ್ಡ್’ ಎಂಬ ಭಿತ್ತಿಪತ್ರ ಅಂಟಿಸಿದರು. ಸ್ರೆಬ್ರೆನಿತ್ಸಾವನ್ನು ಹಿಡಿದ ಬೋಸ್ನಿಯಾ ಸರ್ಬರ ಸೇನೆಯ ದಂಡನಾಯಕ ಮ್ಲಾಡಿಚ್ ಆಗ ತಲೆಮರೆಸಿಕೊಂಡಿದ್ದ, ಸಿಕ್ಕಿದ್ದು 2011ರಲ್ಲಿ. ಮುಂದಿನ ವರ್ಷವೇ, 2008ರಲ್ಲಿ, ತೊಮಿಸ್ಲಾವ್ ನಿಕೋಲಿಚ್ ಅವರೊಂದಿಗೆ ವುಚಿಚ್ ರ‍್ಯಾಡಿಕಲ್ಲರನ್ನು ತೊರೆದು ಯುರೋಪಿನ ಒಕ್ಕೂಟದ ಕಡೆ ಮುಖ ಮಾಡಿದ ಹೊಸ ಪಕ್ಷ ಕಟ್ಟಿದರು. 2012ರಲ್ಲಿ ಅಧಿಕಾರ ಸಿಕ್ಕಿತು, 2014ರಲ್ಲಿ ಪ್ರಧಾನಿ ಪಟ್ಟ. ಹಳೆಯದೆಲ್ಲ ತಪ್ಪಾಗಿತ್ತೆಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲವೆಂದೂ ಹೇಳಿದರು. ಮನಃಪರಿವರ್ತನೆಯೊ, ಲೆಕ್ಕಾಚಾರವೊ? ಗುರು ಶೆಶೆಲ್ ಹೇಗ್‌ನಲ್ಲಿ ಬಂದಿಯಾಗಿದ್ದರಿಂದ ಎರಡನೆಯದು ಸುಲಭವಾಯಿತು ಎಂಬುದು ನನ್ನ ಅನಿಸಿಕೆ.

ಹಳೆಯ ಅಂಟಿನ ಕಲೆಯೇನಾದರೂ ಉಳಿದಿದೆಯೇ ಎಂದು ಬೀದಿಯ ಹೆಸರಿನ ಫಲಕವೊಂದರ ಮುಂದೆ ಕತ್ತೆತ್ತಿ ನಿಂತಿದ್ದೆ. ನಾಯಿ ಹಿಡಿದು ಬಂದ ವಯಸ್ಸಾದವರೊಬ್ಬರು ನಾನು ವಿಳಾಸ ತಪ್ಪಿದ್ದೇನೆಂದು ಭಾವಿಸಿ, ಯಾವ ನಂಬರು ಬೇಕೆಂದು ಇಂಗ್ಲಿಷಿನಲ್ಲಿ ಕೇಳಿದರು. ವಿವರಿಸುವ ಧೈರ್ಯ ಬರದೆ ಬಾಯಿಗೆ ಬಂದ ಸಂಖ್ಯೆ ಹೇಳಿದೆ. ಅವರು ನನ್ನೊಡನೆ ಹತ್ತು ನಿಮಿಷ ನಡೆದು ಬಂದು, ಆ ನಂಬರಿನ ಕಟ್ಟಡದ ಬಾಗಿಲಿಗೆ ಬಿಟ್ಟು, ಕರೆಗಂಟೆಗಳ ಸಾಲನ್ನು ತೋರಿಸಿ, ನಾನು ಯಾವುದನ್ನು ಒತ್ತುತ್ತೇನೆಂದು ನೋಡುತ್ತ ನಿಂತರು.