ಮದ್ದಿನ ಅಂಗಡಿಯಲ್ಲಿ ಸಿಕ್ಕಿದ ಇಂಧನ

ಮೊನ್ನೆ ಅಪರೂಪಕ್ಕೆ ಮಳೆ ಬಿಟ್ಟಿತ್ತು. ಅಡಕೆಗೆ ಮದ್ದು ಬಿಡೋಣ ಅಂತ ಹೊರಟರೆ ಪೆಟ್ರೋಲ್ ಪಂಪು ಸ್ಟಾರ್ಟ್ ಆಗಲೇ ಇಲ್ಲ. ಮರ ಹತ್ತುವವರು ಬಂದು ಅಂಗಳದಲ್ಲಿ ಕಾಯುತ್ತಿದ್ದಾರೆ, ಈ ಬಿಸಿಲು ತಪ್ಪಿದರೆ ಕೊಳೆರೋಗ ಗ್ಯಾರಂಟಿ. ಬದಿಯಡ್ಕ ಪೇಟೆಗೆ ಪಂಪು ಹೊತ್ತುಕೊಂಡು ಹೋದರೆ ಆ ದಿನ ಮುಗಿದ ಹಾಗೆಯೇ. ಜಗಲಿಯಲ್ಲಿ ಕೂತು, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರ್ ಬಿಚ್ಚಿದೆ. ಒಳಗಿನ ಜೆಟ್ ಅಂದರೆ ಹಿತ್ತಾಳೆಯ ಒಂದು ಚೂರು, ನಡುವೆ ಕೂದಲಿನಷ್ಟು ಸಣ್ಣ ತೂತು. ಬೆಳಕಿಗೆ ಹಿಡಿದು ನೋಡಿದೆ, ಆಚೆ ಕಡೆ ಕಾಣಲಿಲ್ಲ. ಕಸ ಕಟ್ಟಿತ್ತು. ಅಲ್ಲೇ ಅಡಕೆ ಸುಲಿಯುತ್ತಿದ್ದ ಅಮ್ಮ "ಇದು ಆದೀತಾ ನೋಡು ಮಗಾ" ಅಂತ ಸೀರೆಯ ಪಿನ್ನು ತೆಗೆದು ಕೊಟ್ಟಳು. ಮೆಲ್ಲ ಚುಚ್ಚಿ, ಊದಿ, ಜೋಡಿಸಿ ಹಗ್ಗ ಎಳೆದೆ. ಮೂರನೇ ಎಳೆತಕ್ಕೆ ಪಂಪು ಶುರುವಾಯಿತು.

ಆಗ ನನಗೆ ನೆನಪಾದವಳು ಬರ್ತಾ ಬೆಂಜ್.

ಕಾರು ಕಂಡುಹಿಡಿದವರು ಯಾರು ಅಂತ ಕೇಳಿದರೆ ಕಾರ್ಲ್ ಬೆಂಜ್ ಅಂತಲೇ ಉತ್ತರ. ತಪ್ಪಲ್ಲ. 1886ರ ಜನವರಿ 29ರಂದು ಜರ್ಮನಿಯ ಮಾನ್‌ಹೈಮ್‌ನಿಂದ ಅವನು ಪೇಟೆಂಟ್‌ಗೆ ಅರ್ಜಿ ಹಾಕಿದ. ಮೂರು ಚಕ್ರದ ಗಾಡಿ, ಒಂದೇ ಸಿಲಿಂಡರ್, ಒಂದು ಅಶ್ವಶಕ್ತಿಯೂ ಪೂರ್ತಿ ಇಲ್ಲದ ಎಂಜಿನ್, ಗಂಟೆಗೆ ಸುಮಾರು 16 ಕಿಲೋಮೀಟರ್ ವೇಗ. ಇಂಧನ ಒಳಗೇ ಉರಿದು ಓಡುವ ನಾಲ್ಕು ಹೊಡೆತದ (ಫೋರ್ ಸ್ಟ್ರೋಕ್) ಎಂಜಿನ್ನನ್ನು ನಿಕೋಲಸ್ ಓಟೋ 1876ರಲ್ಲೇ ಮಾಡಿ ತೋರಿಸಿದ್ದ. ಬೆಂಜ್ ಮಾಡಿದ ದೊಡ್ಡ ಕೆಲಸ ಏನೆಂದರೆ ಕುದುರೆಗಾಡಿಗೆ ಎಂಜಿನ್ ಕಟ್ಟದೆ, ಎಂಜಿನ್ನಿಗೆ ಬೇಕಾದ ಹಾಗೆ ಗಾಡಿಯನ್ನೇ ಹೊಸದಾಗಿ ಕಟ್ಟಿದ್ದು. ಸುಮಾರು ನೂರು ಕಿಲೋಮೀಟರ್ ಆಚೆ ಕಾನ್‌ಸ್ಟಾಟ್‌ನಲ್ಲಿ ಗಾಟ್‌ಲೀಬ್ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೇಬಾಕ್ ತೋಟದ ಗಾಜಿನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಇದೇ ಕೆಲಸ ಮಾಡುತ್ತಿದ್ದರು. ಒಳಗೆ ಖೋಟಾ ನಾಣ್ಯ ಮಾಡುತ್ತಿದ್ದಾರೆ ಅನ್ನುವ ಅನುಮಾನಕ್ಕೆ ಪೊಲೀಸರು ಹೋಗಿ ನೋಡಿದರೆ ಸಿಕ್ಕಿದ್ದು ಬರೀ ಎಂಜಿನ್ನು, ಸಲಕರಣೆ.

ಆದರೆ ಬೆಂಜ್‌ನ ಗಾಡಿಯನ್ನು ಕೊಳ್ಳುವವರೇ ಇರಲಿಲ್ಲ. ಊರೊಳಗೆ ನಾಲ್ಕು ಸುತ್ತು ಹೊಡೆಯುವ ಗಾಡಿಯನ್ನು ನಂಬುವುದು ಹೇಗೆ, ಅಲ್ವಾ? ಅವನ ಹೆಂಡತಿ ಬರ್ತಾ ಮದುವೆಗೆ ಮುಂಚೆಯೇ ತವರಿನಿಂದ ತನಗೆ ಬರಬೇಕಾದ ದುಡ್ಡನ್ನು ಅವನ ವರ್ಕ್‌ಶಾಪಿಗೆ ಹಾಕಿದ್ದಳು. 1888ರ ಆಗಸ್ಟ್‌ನಲ್ಲಿ ಒಂದು ಬೆಳಗ್ಗೆ, ಗಂಡನಿಗೆ ಹೇಳದೆ, 15 ವರ್ಷದ ಓಯ್ಗೆನ್ ಮತ್ತು 13 ವರ್ಷದ ರಿಚರ್ಡ್ ಎಂಬ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಫೋರ್ಟ್ಸ್‌ಹೈಮ್‌ನ ತವರಿಗೆ ಹೊರಟೇಬಿಟ್ಟಳು. ನೂರು ಕಿಲೋಮೀಟರ್‌ಗೂ ಸ್ವಲ್ಪ ಜಾಸ್ತಿ ದಾರಿ. ನಮ್ಮ ಲೆಕ್ಕದಲ್ಲಿ ಕಾಸರಗೋಡಿನಿಂದ ಮಂಗಳೂರಿಗೆ ಹೋಗಿ ವಾಪಸ್ ಬಂದಷ್ಟು. ಡಾಂಬರಿಲ್ಲ, ಪೆಟ್ರೋಲ್ ಬಂಕ್ ಇಲ್ಲ, ಇಂಥ ಗಾಡಿಯಲ್ಲಿ ಅಷ್ಟು ದೂರ ಮೊದಲು ಹೋದವರೂ ಇಲ್ಲ.

ದಾರಿಯಲ್ಲಿ ಇಂಧನ ಖಾಲಿಯಾಗುತ್ತಾ ಬಂತು. ವೀಸ್‌ಲೋಕ್ ಎಂಬ ಊರಿನ ಮದ್ದಿನ ಅಂಗಡಿಯಲ್ಲಿ ಲಿಗ್ರೊಯಿನ್ ಕೊಂಡಳು. ಕಲೆ ತೆಗೆಯಲು ಜನ ಒಯ್ಯುತ್ತಿದ್ದ ತೆಳ್ಳಗಿನ ಎಣ್ಣೆ ಅದು, ಪೆಟ್ರೋಲಿನದೇ ಜಾತಿ. ಇವತ್ತಿಗೂ ಆ ಅಂಗಡಿಯನ್ನು ಲೋಕದ ಮೊದಲ ಪೆಟ್ರೋಲ್ ಬಂಕ್ ಅನ್ನುತ್ತಾರೆ. ಇಂಧನದ ಕೊಳವೆ ಕಟ್ಟಿದಾಗ ಟೊಪ್ಪಿಯ ಪಿನ್ನು ತೆಗೆದು ಚುಚ್ಚಿ ಬಿಡಿಸಿದಳು. ಕಿಡಿಯ ತಂತಿಯ ಮೈ ಸವೆದು ಕರೆಂಟ್ ಸೋರಿದಾಗ ಕಾಲುಚೀಲದ ಪಟ್ಟಿ ಸುತ್ತಿದಳು. ಚೈನು ರಿಪೇರಿಗೆ ಕಮ್ಮಾರ ಸಿಕ್ಕಿದ. ಮರದ ಬ್ರೇಕ್ ಸವೆದು ಹಿಡಿಯದೆ ಹೋದಾಗ ಚಪ್ಪಲಿ ಹೊಲಿಯುವವನ ಹತ್ತಿರ ಅದಕ್ಕೆ ಚರ್ಮ ಹೊಡೆಸಿದಳು. ಚರ್ಮದ ಬ್ರೇಕ್ ಪಟ್ಟಿ ಹುಟ್ಟಿದ್ದು ಹಾಗೆ. ಎಂಜಿನ್ ತಣ್ಣಗಿಡುವ ನೀರು ಆವಿಯಾಗಿ ಹೋಗುತ್ತಿದ್ದದ್ದರಿಂದ ಸಿಕ್ಕಲ್ಲೆಲ್ಲ ನೀರು ತುಂಬಿಸಬೇಕಿತ್ತು. ಸಂಜೆಗೆ ತವರು ಮುಟ್ಟಿದ ಮೇಲೆ ಗಂಡನಿಗೆ ಟೆಲಿಗ್ರಾಂ ಕಳಿಸಿದಳು.

ಇಂಥವಳನ್ನು "ಬೆಂಜ್‌ನ ಹೆಂಡತಿ" ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದನ್ನು ಓದಿದಾಗೆಲ್ಲ ನನಗೆ ಬೇಜಾರಾಗುತ್ತದೆ. ಗಾಡಿಯ ಒಂದೊಂದು ಹುಳುಕನ್ನೂ ದಾರಿಯಲ್ಲೇ ಹಿಡಿದು, ಅಲ್ಲೇ ಮದ್ದು ಹುಡುಕಿದವಳು ಅವಳು. ಕಾರು ಕಟ್ಟಿದವರ ಸಾಲಿನಲ್ಲಿ ಅವಳ ಹೆಸರೂ ಸರಿಸಮವಾಗಿ ಬರಬೇಕು.

ಸಂಜೆ ಕೈಕಾಲಿನ ಮೈಲುತುತ್ತು ತೊಳೆದು ಬಂದು ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಸುಮ್ನೆ ಕೇಳಿಸಿಕೊಂಡಳು. ಆಮೇಲೆ, "ಗುಡ್ಡೆ ಬಂದರೆ ಏನು ಮಾಡಿದರು?" ಅಂದಳು.

ಮಕ್ಕಳು ಇಳಿದು ದೂಡಿದರು ಅಂದೆ. ಆ ಗಾಡಿಗೆ ಇದ್ದದ್ದು ಎರಡೇ ಗೇರ್, ಏರಿಗೆ ಅದು ಸಾಲುತ್ತಿರಲಿಲ್ಲ. ಬರ್ತಾ ಊರಿಗೆ ಬಂದು ಅದನ್ನು ಹೇಳಿದ ಮೇಲೆ ಕಾರ್ಲ್ ಏರು ಹತ್ತುವುದಕ್ಕೆಂದೇ ಇನ್ನೊಂದು ಗೇರ್ ಸೇರಿಸಿದ.