ಇವತ್ತು ಆವಿ ಎಷ್ಟು?

ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವಳು. ಈಗ ಇರುವುದು ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ. ಫೋನ್ ಮಾಡಿದಾಗೆಲ್ಲ ಅಮ್ಮ ಮೊದಲು ಕೇಳುವುದು, "ಅಲ್ಲಿ ಮಳೆ ಬಂತಾ?" ನಮ್ಮ ಕಡೆ ಮಾತು ಶುರುವಾಗುವುದೇ ಹಾಗೆ ಅಲ್ವಾ. ಆದರೆ ನನ್ನ ಕೆಲಸಕ್ಕೆ ಇದಕ್ಕಿಂತ ಸರಿಯಾದ ಪ್ರಶ್ನೆ ಇನ್ನೊಂದಿಲ್ಲ.

ಸೆರೊ ಟೊಕೊ ಬೆಟ್ಟದಲ್ಲಿ, ಸುಮಾರು 5,200 ಮೀಟರ್ ಎತ್ತರದಲ್ಲಿ, ನಾನು ಕೆಲಸ ಮಾಡುವ ಸೈಮನ್ಸ್ ಅಬ್ಸರ್ವೇಟರಿ ಇದೆ, ಆಕಾಶ ನೋಡುವ ದೊಡ್ಡ, ಚಿಕ್ಕ ಟೆಲಿಸ್ಕೋಪುಗಳ ಜಾಗ. ರಾತ್ರಿ ಮಲಗುವುದು ಕೆಳಗಿನ ಸ್ಯಾನ್ ಪೆಡ್ರೊ ಊರಲ್ಲಿ, ಬೆಳಿಗ್ಗೆ ಗಾಡಿಯಲ್ಲಿ ಮೇಲಕ್ಕೆ. ಅಲ್ಲಿ ಗಾಳಿ ಸಮುದ್ರ ಮಟ್ಟದ ಅರ್ಧದಷ್ಟು. ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿಕೊಂಡೇ ಬೋಲ್ಟು ಬಿಗಿಯುತ್ತೇವೆ. ಮೊದಲ ದಿನ ಕೈಯಲ್ಲಿದ್ದ ಸ್ಪ್ಯಾನರ್ ಮೇಲಿನ ಅಳತೆಯನ್ನು ಮೂರು ಸಲ ಓದಿದೆ, ಮೂರು ಸಲವೂ ಮರೆತುಹೋಯಿತು.

ನಾವು ಹಿಡಿಯುವುದು ವಿಶ್ವ ಹುಟ್ಟಿ ಸುಮಾರು 3,80,000 ವರ್ಷವಾದಾಗ ಹೊರಟ ಬೆಳಕನ್ನು. 1964ರಲ್ಲಿ ಅಮೆರಿಕದ ಪೆಂಜಿಯಾಸ್ ಮತ್ತು ವಿಲ್ಸನ್ ಅವರ ಆಂಟೆನಾದಲ್ಲಿ, ಎತ್ತ ತಿರುಗಿಸಿದರೂ ಹೋಗದ ಗೊರಗೊರ ಸದ್ದೊಂದು ಸಿಕ್ಕಿತ್ತು. ಅದೇ ಇದು. 1,380 ಕೋಟಿ ವರ್ಷ ನಡೆದು ಬಂದು ಆರಿ ಆರಿ, ಈಗ ಉಳಿದಿರುವ ಬಿಸಿ ಮೈನಸ್ 270 ಡಿಗ್ರಿ ಸೆಲ್ಸಿಯಸ್. ಆಕಾಶದ ಒಂದು ಕಡೆಗೂ ಇನ್ನೊಂದು ಕಡೆಗೂ ಇರುವ ವ್ಯತ್ಯಾಸ ಲಕ್ಷದಲ್ಲಿ ಒಂದು ಪಾಲು. ಆ ಒಂದು ಪಾಲಿನಲ್ಲೇ ಮುಂದೆ ಗ್ಯಾಲಕ್ಸಿಗಳಾಗಿ ಬೆಳೆದ ಮೊಳಕೆಗಳಿವೆ.

ನಡುವೆ ಅಡ್ಡ ಬರುವುದು ನೀರಿನ ಆವಿ. ಬಚ್ಚಲಿನಲ್ಲಿ ಹಬೆ ತುಂಬಿದಾಗ ಆಚೆಗಿನ ದೀಪ ಮಂಕಾಗುತ್ತದಲ್ಲ, ಹಾಗೆ. ಇಲ್ಲಿ ಇನ್ನೂ ಕಷ್ಟ, ಯಾಕೆಂದರೆ ನಾವು ಹಿಡಿಯುವ ಹಳೆಯ ಬೆಳಕು ಈಗ ಕಣ್ಣಿಗೆ ಕಾಣದ ಮೈಕ್ರೋವೇವ್ ಅಲೆ, ಆ ಅಲೆಯಲ್ಲಿ ನೋಡಿದರೆ ಆವಿಯೇ ಹೊಳೆಯುತ್ತದೆ. ಗಾಳಿ ಬೀಸಿದಂತೆ ಹೊಳಪು ಅಲೆದಾಡುತ್ತದೆ. ಅದಕ್ಕೇ ಇಷ್ಟು ಎತ್ತರ, ಇಷ್ಟು ಒಣ ಜಾಗ. ಬೆಳಿಗ್ಗೆ ಎದ್ದ ಕೂಡಲೇ ನಾವು ನೋಡುವುದು ಒಂದೇ ಅಂಕಿ: ತಲೆಯ ಮೇಲಿನ ಆವಿಯನ್ನೆಲ್ಲ ನೀರು ಮಾಡಿ ನೆಲದ ಮೇಲೆ ಹರಡಿದರೆ ಎಷ್ಟು ಮಿಲಿಮೀಟರ್ ನಿಲ್ಲುತ್ತದೆ? ಒಂದಕ್ಕಿಂತ ಕಡಿಮೆ ಇದ್ದರೆ ಎಲ್ಲರ ಮುಖದಲ್ಲೂ ಕಳೆ.

ಉಪಕರಣದ ಒಳಗೆ ಆಕಾಶಕ್ಕಿಂತಲೂ ಜಾಸ್ತಿ ಚಳಿ. ಬೆಳಕನ್ನು ಹಿಡಿಯುವ ಡಿಟೆಕ್ಟರ್‌ಗಳು ಇರುವುದು ಪರಮ ಶೂನ್ಯಕ್ಕಿಂತ, ಅಂದರೆ ಇನ್ನು ತಣ್ಣಗಾಗಲು ಸಾಧ್ಯವೇ ಇಲ್ಲದ ಮಟ್ಟಕ್ಕಿಂತ, ಬರೀ 0.1 ಡಿಗ್ರಿ ಮೇಲೆ. ಪಂಪಿನ ಚೀಂವ್ ಚೀಂವ್ ಸದ್ದು ಹಗಲೂ ರಾತ್ರಿ ನಿಲ್ಲುವುದಿಲ್ಲ. ಚಿಕ್ಕ ಟೆಲಿಸ್ಕೋಪುಗಳ ಒಳಗೆ ಒಂದು ತಟ್ಟೆ ಸೆಕೆಂಡಿಗೆ ಎರಡು ಸುತ್ತು ತಿರುಗುತ್ತಿರುತ್ತದೆ. ಹಳೆಯ ಬೆಳಕು ಯಾವ ದಿಕ್ಕಿಗೆ ಕಂಪಿಸುತ್ತಿದೆ ಎಂದು ಗಾಳಿಯ ಗಲಾಟೆಯಿಂದ ಬೇರೆ ಮಾಡಿ ತಿಳಿಯುವುದು ಹಾಗೆ. ವಿಶ್ವ ಹುಟ್ಟಿದ ಮೊದಲ ಕ್ಷಣದ ಗುರುತು ಆ ಕಂಪನದಲ್ಲಿ ಸಿಗಬಹುದು ಎಂಬ ಆಸೆ ನಮಗೆ. ನನಗಂತೂ ಬಹಳ ಆಸೆ.

ನಮ್ಮೂರ ಪಕ್ಕದ ಶರಾವತಿ ಹಿನ್ನೀರಿನಲ್ಲೂ ಇಂಥ ಕೆಲಸ ನಡೆದಿದೆ. 2020ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಸಾರಸ್ ಎಂಬ ಆಂಟೆನಾವನ್ನು ಅಲ್ಲಿ ತೇಲಿಬಿಟ್ಟಿದ್ದರು, ಮೊದಲ ನಕ್ಷತ್ರಗಳ ಕಾಲದ ಸುಳಿವಿಗಾಗಿ. ಅವರಿಗೆ ಆಂಟೆನಾದ ಕೆಳಗೆ ನೀರು ಬೇಕು, ನಮಗೆ ಮೇಲೆ ನೀರು ಬೇಡ!

ಇಲ್ಲಿ ಆವಿ ಹೆಚ್ಚಾಗುವುದು ಜನವರಿ, ಫೆಬ್ರವರಿಯಲ್ಲಿ, ಊರಲ್ಲಿ ಅಂಗಳದ ತುಂಬ ಅಡಿಕೆ ಒಣಗುವ ಹೊತ್ತಿಗೆ. ಈಗ ಜುಲೈ, ನಮಗೆ ಒಳ್ಳೇ ಕಾಲ. ನಿನ್ನೆ ಅಮ್ಮ ಕೇಳಿದಾಗ, "ಅರ್ಧ ಮಿಲಿಮೀಟರ್ ಅಮ್ಮಾ" ಅಂದೆ.

"ಅಷ್ಟೇನಾ? ಇಲ್ಲಿ ಬಿಸಿಲು ಕಂಡು ಎಂಟು ದಿನ ಆಯ್ತು ಮಾರಾಯ್ತಿ" ಅಂದಳು. ಅವಳ ದನಿಯ ಹಿಂದೆ ಹೆಂಚಿನ ಮೇಲೆ ಮಳೆ ಸುರಿಯುತ್ತಿತ್ತು. ಇನ್ನೂ ಸ್ವಲ್ಪ ಹೊತ್ತು ಫೋನ್ ಇಡಬೇಡ ಅಂದೆ.