ಎಚ್ಚೋ ಹೆಚ್ಚೋ

"ಅಮ್ಮಾ, ಫೋನಿನಲ್ಲಿ ಹೆಚ್ ಅನ್ಬೇಡ, ಎಚ್ ಅನ್ನು" ಅಂದಳು ಮಗಳು, ಕಳೆದ ವಾರ. ನಾನು ಕರೆಂಟಿನವರಿಗೆ ಹೆಸರು ಬಿಡಿಸಿ ಹೇಳುತ್ತಿದ್ದೆ. ಬಿ, ಹೆಚ್, ಎ, ಟಿ. ಭಟ್. ಉತ್ತರ ಐರ್ಲೆಂಡಿನ ಈ ಬೆಲ್‌ಫಾಸ್ಟಿಗೆ ಬಂದು ಆರು ವರ್ಷ ಆಯಿತು, ದಿನಕ್ಕೆ ನಾಲ್ಕು ಸಲವಾದರೂ ಹೀಗೆ ಹೇಳ್ತೇನೆ. ಯಾರೂ ಎಂತದ್ದೂ ಅಂದಿರಲಿಲ್ಲ.

ಹೆಚ್ ಅನ್ನುವವರು ಕ್ಯಾಥೊಲಿಕರಂತೆ, ಎಚ್ ಅನ್ನುವವರು ಪ್ರೊಟೆಸ್ಟೆಂಟರಂತೆ. ಕ್ಲಾಸಿನ ಹುಡುಗಿ ಹೇಳಿದ್ದು. ನನಗೆ ನಗು ತಡೆಯಲಿಕ್ಕಾಗಲಿಲ್ಲ. ನಮ್ಮಲ್ಲಿ ಒಬ್ಬನೇ ರಾಜಕಾರಣಿಯ ಹೆಸರು ಒಂದು ಪೇಪರಿನಲ್ಲಿ ಎಚ್.ಡಿ. ಅಂತ ಬರ್ತದೆ, ಇನ್ನೊಂದರಲ್ಲಿ ಹೆಚ್.ಡಿ. ಅಂತ. ಅದಕ್ಕೆ ಯಾರೂ ಹೊಡೆದಾಡಿದ್ದಿಲ್ಲ. ನನ್ನ ಹೆಚ್ ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಕಲಿತದ್ದು. ಕಲಿಸಿದ ಮೇಷ್ಟ್ರಿಗೆ ಪೋಪ್ ಅಂದ್ರೆ ಯಾರು ಅಂತ ಗೊತ್ತಿತ್ತೋ ಇಲ್ವೋ!

ಸಂಜೆ ಪಕ್ಕದ ಮನೆಯವರ ಹತ್ತಿರ ಇದನ್ನು ಜೋಕಿನ ಹಾಗೆ ಹೇಳಿದೆ. ಅವರು ನಗಲಿಲ್ಲ. 1970ರ ದಶಕದಲ್ಲಿ ಅವರ ತಮ್ಮ ಶಾಲೆಯಿಂದ ಬರುವಾಗ ದೊಡ್ಡ ಹುಡುಗರು ಅಡ್ಡ ನಿಂತು ಎಬಿಸಿಡಿ ಹೇಳು ಅಂದರಂತೆ. ಹುಡುಗ ಜಿ ತನಕ ಹೇಳಿದ. ಆಮೇಲೆ ಓಡಿದ.

ಕ್ಯಾಥೊಲಿಕರು, ಪ್ರೊಟೆಸ್ಟೆಂಟರು ಅಂತ ಎರಡು ಪಾಳಯವಾಗಿ ಇಲ್ಲಿ ನಡೆದ ಆ ಗಲಾಟೆಯಲ್ಲಿ ಸತ್ತವರು ಸುಮಾರು 3,500 ಮಂದಿ. 1998ರಲ್ಲಿ ಒಪ್ಪಂದ ಆಯಿತು, ಆದರೆ ಇಬ್ಬರ ಕೇರಿಗಳ ನಡುವೆ 1969ರಿಂದ ಎದ್ದ ಗೋಡೆಗಳು ಹೆಚ್ಚಿನವು ಹಾಗೇ ಇವೆ. ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಒಂದು ಸಿಗ್ತದೆ, ಅದರ ಗೇಟಿಗೆ ಈಗಲೂ ರಾತ್ರಿ ಬೀಗ. "ಒಬ್ಬನೇ ಏಸುವಿಗೆ ಕೈ ಮುಗಿಯುವವರು ಧರ್ಮಕ್ಕೋಸ್ಕರ ಇಷ್ಟೆಲ್ಲ ಮಾಡಿಕೊಂಡಿರಾ?" ಅಂತ ಕೇಳಿಬಿಟ್ಟೆ. "ಆ ಹುಡುಗರಲ್ಲಿ ಒಬ್ಬನೂ ಚರ್ಚಿನ ಕಡೆ ತಲೆ ಹಾಕಿದವನಲ್ಲ" ಅಂದರು. ಜಗಳ ಇದ್ದದ್ದು ಬ್ರಿಟನ್ನಿಗೋ ಐರ್ಲೆಂಡಿಗೋ ಅನ್ನುವುದಕ್ಕೆ, ಸರಕಾರಿ ಮನೆ, ಕೆಲಸ, ಓಟು ಯಾರಿಗೆ ಅನ್ನುವುದಕ್ಕೆ. ಯಾವ ರಾಜ್ಯಕ್ಕೆ ಸೇರಬೇಕು ಅನ್ನುವ ಜಗಳ ನಮಗೂ ಕಾಸರಗೋಡು ಕೇರಳಕ್ಕೆ ಹೋದ 1956ರಿಂದ ಗೊತ್ತು, ಪುಣ್ಯಕ್ಕೆ ಅದರಲ್ಲಿ ದೇವರನ್ನು ಎಳೆದು ತಂದಿಲ್ಲ. ಇಲ್ಲಿ ಧರ್ಮ ಬರೀ ಚೀಟಿ, ಯಾರು ನಮ್ಮವರು ಅಂತ ಅಂಟಿಸಲಿಕ್ಕೆ. 2024ರ ಆಗಸ್ಟಿನಲ್ಲಿ ಬ್ರಿಟನ್ನಿನ ಬಾವುಟ, ಐರ್ಲೆಂಡಿನ ಬಾವುಟ ಎರಡೂ ಇದೇ ಊರಿನಲ್ಲಿ ಒಂದೇ ಕಡೆ ಹಾರಿದವು, ನಮ್ಮಂಥ ವಲಸಿಗರು ಬೇಡ ಅಂತ. ಅವತ್ತು ಅಂಗಡಿಗಳಿಗೆ ಬೆಂಕಿ ಬಿತ್ತು. ಆ ವಾರ ನಾನು ಡ್ಯೂಟಿಗೆ ಟ್ಯಾಕ್ಸಿಯಲ್ಲೇ ಹೋಗಿ ಬಂದೆ.

ಹಾಗಾದರೆ ಧರ್ಮದ್ದೇನೂ ತಪ್ಪಿಲ್ಲ ಅಂತ ನನಗೂ ಸಮಾಧಾನ ಆಯಿತು. ಊರಿನ ಬಗ್ಗೆ ಸ್ವಲ್ಪ ಕೊಚ್ಚಿಕೊಂಡೆ ಕೂಡ. ನಮ್ಮ ಮಂಜೇಶ್ವರದ ಉದ್ಯಾವರ ಮಾಡ ಅನ್ನುವ ದೈವಸ್ಥಾನದಿಂದ ವಿಷು ಕಳೆದ ಮೇಲೆ ಒಂದು ಶುಕ್ರವಾರ ದೈವದ ಪಾತ್ರಿಗಳು ಮಸೀದಿಗೇ ಹೋಗಿ ಜಾತ್ರೆಗೆ ಬನ್ನಿ ಅಂತ ಕರೀತಾರೆ, ಜಮಾತಿನವರು ಕಾದು ನಿಂತು ಬರಮಾಡಿಕೊಳ್ಳುತ್ತಾರೆ ಅಂದೆ. ಅವರು ಕಣ್ಣರಳಿಸಿ ಕೇಳಿದರು. ಆಮೇಲೆ ಮೆಲ್ಲಗೆ, "ಅದು ಒಂದು ದಿನ ಅಲ್ವಾ? ಉಳಿದ ದಿನ ಹೇಗಿರ್ತೀರಿ?"

ಚುಚ್ಚಿದ್ದಲ್ಲ, ಸುಮ್ನೆ ಕೇಳಿದ್ದು. 2017ರ ಮಾರ್ಚಿನಲ್ಲಿ ಕಾಸರಗೋಡಿನ ಹಳೆ ಚೂರಿಯಲ್ಲಿ ಮದರಸದ ಮೇಷ್ಟ್ರೊಬ್ಬರನ್ನು ಮಸೀದಿಗೇ ನುಗ್ಗಿ ಕೊಂದದ್ದು, ಏಳು ವರ್ಷ ಕಳೆದು ಆರೋಪಿಗಳು ಮೂವರೂ ಬಿಡುಗಡೆ ಆದದ್ದು ನೆನಪಾಯಿತು. ಹೇಳಲಿಲ್ಲ. ಅದಕ್ಕಿಂತ ಜಾಸ್ತಿ ನೆನಪಾದದ್ದು ಒಂದು ಲೋಟ.

ಐದನೇ ಕ್ಲಾಸಿನಲ್ಲಿ ನನ್ನ ಬೆಂಚಿನ ನಬೀಸಾ ಶನಿವಾರ ಮನೆಗೆ ಬರುತ್ತಿದ್ದಳು. ಅಜ್ಜಿಗೆ ಅವಳೆಂದರೆ ಭಾರೀ ಪ್ರೀತಿ. ಹಲಸಿನ ಹಪ್ಪಳ ಸುಟ್ಟು, ತೆಂಗಿನೆಣ್ಣೆ ಸವರಿ ಕೊಡುವರು. ನನಗಿಂತ ಒಂದು ಜಾಸ್ತಿಯೇ. ಮಜ್ಜಿಗೆ ನೀರು ಮಾತ್ರ ಜಗಲಿಯ ಮೂಲೆಯಲ್ಲಿ ಕವುಚಿ ಇಟ್ಟ, ಅಂಚು ನಗ್ಗಿದ ಸ್ಟೀಲು ಲೋಟಕ್ಕೆ, ಮೇಲಿನಿಂದ ಹೊಯ್ಯುವರು. ಕುಡಿದಾದ ಮೇಲೆ ನಬೀಸಾಳೇ ಅದನ್ನು ಅಂಗಳದ ನಳ್ಳಿಯಲ್ಲಿ ತೊಳೆದು ಮತ್ತೆ ಅಲ್ಲೇ ಕವುಚಿ ಇಡುತ್ತಿದ್ದಳು. ಹತ್ತು ವರ್ಷದ ಹುಡುಗಿಗೆ ಅದನ್ನು ಯಾರು ಹೇಳಿಕೊಟ್ಟಿದ್ದರೋ. ನಾನಂತೂ ಒಂದು ದಿನವೂ ಒಳಗಿನ ಲೋಟ ತಂದು ಕೊಟ್ಟವಳಲ್ಲ.

ಅಜ್ಜಿ ಯಾರಿಗೂ ಒಂದು ಕೆಟ್ಟ ಮಾತು ಆಡಿದವರಲ್ಲ. ಅವರಿಗೆ ರಾಜಕೀಯ ಇರಲಿಲ್ಲ, ಬಾವುಟ ಇರಲಿಲ್ಲ. ಇದ್ದದ್ದು ಮಡಿ. ಬೆಲ್‌ಫಾಸ್ಟಿನ ಲೆಕ್ಕದಲ್ಲಿ ಧರ್ಮವನ್ನು ಬಿಟ್ಟುಬಿಡಬಹುದು, ಆದರೆ ಆ ಲೋಟಕ್ಕೆ ಬೇರೆ ಯಾರನ್ನು ದೂರಲಿ?

ನಿನ್ನೆ ಮತ್ತೆ ಫೋನು. ಹೆಸರು ಬಿಡಿಸಿ ಹೇಳಿ ಅಂದರು. "ಬಿ" ಅಂದೆ. ಮಗಳು ಹೋಂವರ್ಕು ಬಿಟ್ಟು ನನ್ನ ಬಾಯಿಯನ್ನೇ ನೋಡುತ್ತಿದ್ದಳು.